ಹಿಂದಿನ ಸೀಟು

ಎಂಜಿನ್ನಿನ ಮೇಲೆ ಅಂಗೈ ಇಟ್ಟವನು ತಟ್ಟನೆ ತೆಗೆದ. ಬಿಸಿ ಇತ್ತು. ಸುಡುವಷ್ಟಲ್ಲ, ಈಗಷ್ಟೇ ಯಾರೋ ಎದ್ದು ಹೋದ ಕುರ್ಚಿಯಷ್ಟು. ಬಿಸಿ ಇದ್ದರೆ ಗಿರಾಕಿ ಬರುವ ಮೊದಲೇ ಒಂದು ಸಲ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ, ತಣ್ಣಗಿದ್ದಾಗ ಅದು ಸುಲಭಕ್ಕೆ ಏಳುವುದಿಲ್ಲ ಎಂದರ್ಥ. ಫ್ಯಾಕ್ಟರಿಯ ಫಿಟ್ಟರು ಬರೆದುಕೊಟ್ಟ ಚೀಟಿಯ ಮೊದಲ ಸಾಲೇ ಅದು. ಹಳೇ ಬೈಕುಗಳ ಅಂಗಡಿಯವನು ಅವನ ಕೈಯನ್ನೇ ನೋಡುತ್ತಿದ್ದವನು, "ಬಿಸಿಲಿಗೆ ನಿಂತಿತ್ತು ಸಾರ್, ಅದಕ್ಕೆ" ಅಂದ. ಗಾಡಿ ನಿಂತಿದ್ದದ್ದು ತಗಡಿನ ಮಾಡಿನ ಕೆಳಗೆ, ನೆರಳಿನಲ್ಲಿ. ಇಬ್ಬರೂ ಒಮ್ಮೆ ಮಾಡನ್ನು ನೋಡಿದರು. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮುಖ ನೋಡುವುದೆಂದರೆ ಈಚೆಗೆ ಅವನಿಗೆ ತಾನೇ ಸಿಕ್ಕಿಬಿದ್ದ ಹಾಗೆ ಆಗುತ್ತಿತ್ತು. ಅದಕ್ಕೇ ಕಣ್ಣನ್ನು ಕೆಳಗಿಳಿಸಿ, ಗಾಡಿಯ ಹಿಂಭಾಗವನ್ನು ನೋಡುವವನ ಹಾಗೆ ಬಗ್ಗಿದ. ಬಗ್ಗಿದಾಗ ಹಿಂದಿನ ಸೀಟು ಕಣ್ಣಿಗೆ ಬಿತ್ತು. ಅಂಗೈಯಷ್ಟು ಅಗಲ, ಬೆನ್ನು ಮೇಲೆತ್ತಿದ ಬೆಕ್ಕಿನ ಹಾಗೆ ಎತ್ತರಕ್ಕೆ ಎದ್ದು ನಿಂತದ್ದು. ವಯಸ್ಸಾದವರು ಅದರ ಮೇಲೆ ಹತ್ತಿ ಕೂರುವುದು ಸಾಧ್ಯವೇ ಇಲ್ಲ. ಹತ್ತಿದರೂ ರಸ್ತೆಯ ಎರಡನೇ ಉಬ್ಬಿಗೆ ಕೆಳಗಿರುತ್ತಾರೆ. ಅದನ್ನು ನೋಡಿದ್ದೇ ಅವನ ಮನಸ್ಸು ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

"ಇದು ಪರವಾಗಿಲ್ಲ ಅಲ್ವಾ?" ಎಂದು ಮಗಳನ್ನು ಕೇಳಿದ.

ಮಗಳು ಅವನ ಎಡಕ್ಕೆ ನಿಂತು ಚೈನನ್ನು ಬೆರಳಿಂದ ಎತ್ತಿ ನೋಡುತ್ತಿದ್ದಳು. ಕೊರಿಯರ್ ಆಫೀಸಿನಲ್ಲಿ ಮೂರು ವರ್ಷದಿಂದ ಪಾರ್ಸೆಲ್ ಹಂಚುವವಳು. ದಿನಕ್ಕೆ ಎಪ್ಪತ್ತು ಬಾಗಿಲು ತಟ್ಟುವವಳು. ಬೈಕುಗಳ ವಿಷಯದಲ್ಲಿ ಅವಳ ಮುಂದೆ ಯಾರ ಬೇಳೆಯೂ ಬೇಯದು. "ಅಪ್ಪ, ಟೈರಿಗೆ ಕರಿ ಬಳಿದಿದಾರೆ ನೋಡು. ಒಳಗೆ ಬಿರುಕು. ಮೀಟರ್ ನಂಬೋ ಹಾಗಿಲ್ಲ. ಬಾ, ಹೋಗೋಣ" ಅಂದಳು. ಅಂಗಡಿಯವನು ಏನೋ ಹೇಳುತ್ತ ಹಿಂದೆಯೇ ಬಂದ. ಬಲಗಡೆಯಿಂದ ಬಂದದ್ದರಿಂದ ಅಂಗಡಿಯವನು ಹೇಳಿದ್ದು ಏನೆಂದು ಅವನಿಗೆ ಗೊತ್ತಾಗಲಿಲ್ಲ. ಎಂದಿನ ಹಾಗೆ ನಕ್ಕು ತಲೆಯಾಡಿಸಿದ. ಅಂಗಡಿಯವನ ಮುಖ ಗಂಟಿಕ್ಕಿತು. ನಗುವ ಮಾತಾಗಿರಲಿಲ್ಲ ಅದು ಎಂದು ಕಾಣುತ್ತದೆ.

ಬೈಕು ಬೇಕು ಎಂದು ಮನೆಯಲ್ಲಿ ಹೇಳಿದಾಗ ಯಾರೂ ಯಾಕೆ ಎಂದು ಕೇಳಿರಲಿಲ್ಲ. ಕಾರಣ ಎಲ್ಲರಿಗೂ ಕಾಣುವಂಥದ್ದೇ. ಬಾಟಲಿ ಫ್ಯಾಕ್ಟರಿ ಊರಿಂದ ಇಪ್ಪತ್ತೆರಡು ಕಿಲೋಮೀಟರು. ಕೆಲಸದವರನ್ನು ಕರೆದುಕೊಂಡು ಹೋಗುತ್ತಿದ್ದ ವ್ಯಾನನ್ನು ಮೂರು ತಿಂಗಳ ಹಿಂದೆ ನಿಲ್ಲಿಸಿದರು. ಬಸ್ಸು ಕೂಡುರಸ್ತೆಯವರೆಗೆ ಮಾತ್ರ. ಅಲ್ಲಿಂದ ನಾಲ್ಕು ಕಿಲೋಮೀಟರು ಕಾಲ್ನಡಿಗೆ. ಐವತ್ತೆರಡರ ಮೊಣಕಾಲು, ಎಂಟು ಗಂಟೆ ನಿಂತು ಮಾಡುವ ಕೆಲಸ. ಸಣ್ಣ ಗಾಡಿಯಾದರೆ ಲಾರಿ ಪಕ್ಕದಲ್ಲಿ ಹಾದಾಗಿನ ಗಾಳಿಗೇ ಅಲ್ಲಾಡಿ ಹೋಗುತ್ತದೆ, ದೊಡ್ಡದಾದರೆ ಅದರ ಹೊಟ್ಟೆಗೆ ಹಾಕಿಯೇ ಸಂಬಳ ಮುಗಿಯುತ್ತದೆ. ಹಾಗಾಗಿ ನಡುವಿನದು, ನೂರೈವತ್ತು ಸಿಸಿಯ ಆಸುಪಾಸಿನದು, ಹಳೆಯದು, ಕೈಗೆಟುಕುವಂಥದ್ದು. ಇದೆಲ್ಲ ನಿಜ. ಆದರೆ ಅವನಿಗೆ ಬೈಕು ಬೇಕಾದದ್ದು ಮೊಣಕಾಲಿಗಾಗಿ ಅಲ್ಲ. ಕೂಡುರಸ್ತೆಯ ಬಸ್‌ಸ್ಟಾಪಿನಲ್ಲಿ ಪ್ರತಿದಿನ ಬೆಳಿಗ್ಗೆ ಉದ್ದಣ್ಣ ನಿಂತಿರುತ್ತಾನೆ ಎಂಬುದಕ್ಕಾಗಿ. ಉದ್ದಣ್ಣ ಅವನಿಗಿಂತ ನಾಲ್ಕು ವರ್ಷ ದೊಡ್ಡವನು, ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ಜೊತೆಗೆ ನಿಂತು ಬಾಟಲಿ ನೋಡಿದವನು. ಎತ್ತರದಿಂದಾಗಿ ಬಂದ ಹೆಸರು; ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅವನ ಬಸ್ಸು ಹತ್ತು ನಿಮಿಷ ಮೊದಲೇ ಬರುತ್ತದೆ. ಆದರೂ ಕಾಯುತ್ತಾನೆ. "ಒಬ್ಬನೇ ನಡೆದ್ರೆ ದಾರಿ ಸಾಗಲ್ಲ ಕಣಯ್ಯ, ನೀನು ಬರ್ಲಿ ಅಂತ ನಿಂತೆ" ಅನ್ನುತ್ತಾನೆ. ಆಮೇಲೆ ನಾಲ್ಕು ಕಿಲೋಮೀಟರು ಅವನ ಬಲಗಡೆ ನಡೆಯುತ್ತಾನೆ, ಮಾತಾಡುತ್ತ. ಬಲಗಡೆಯೇ ಯಾಕೆಂದರೆ ಉದ್ದಣ್ಣನ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಆ ಕೈಗೆ ಯಾರದಾದರೂ ಭುಜವೋ ಚೀಲವೋ ತಾಕಿದರೆ ನೋಯುತ್ತದೆ, ಅದನ್ನು ರಸ್ತೆಯ ಖಾಲಿ ಕಡೆಗೇ ಇಟ್ಟುಕೊಳ್ಳಬೇಕು.

ಆ ನಾಲ್ಕು ಕಿಲೋಮೀಟರಿನ ಉದ್ದಕ್ಕೂ ಇವನು ಹೂಂ ಅನ್ನುತ್ತಾನೆ. ಇವನ ಬಲಗಿವಿ ಸತ್ತು ಐದು ವರ್ಷವಾಯಿತು. ಎಡಗಿವಿಯೂ ಅರ್ಧಕ್ಕೆ ಬಂದಿದೆ. ಯಾರಿಗೂ ಹೇಳಿಲ್ಲ. ಒಂದರ ಹಿಂದೆ ಒಂದು, ನಿಮಿಷಕ್ಕೆ ನೂರಾರು ಬಾಟಲಿಗಳು, ಭುಜಕ್ಕೆ ಭುಜ ತಾಗಿಸಿಕೊಂಡು, ಬಿಳಿ ಬೆಳಕಿನ ಪರದೆಯ ಮುಂದೆ ಹಾದುಹೋಗುತ್ತವೆ. ಗುಳ್ಳೆ ಇದ್ದದ್ದನ್ನು, ಕತ್ತಿನಲ್ಲಿ ಕೂದಲೆಳೆಯ ಬಿರುಕು ಇದ್ದದ್ದನ್ನು ಎತ್ತಿ ತೊಟ್ಟಿಗೆ ಹಾಕಬೇಕು. ಕಿವಿಗೆ ಹಾಕಿಕೊಳ್ಳಲು ಕೊಟ್ಟ ರಬ್ಬರು ಬಿರಡೆಗಳನ್ನು ಮೊದಲ ಹತ್ತು ವರ್ಷ ಯಾರೂ ಹಾಕಿಕೊಳ್ಳಲಿಲ್ಲ, ಹಾಕಿಕೊಂಡರೆ ಮಾತು ಕೇಳುತ್ತಿರಲಿಲ್ಲ. ಈಗ ಬಾಟಲಿಗಳ ಆ ಕಿಣಿಕಿಣಿ ಅವನ ತಲೆಯೊಳಗೇ ಮನೆ ಮಾಡಿದೆ. ಹಾಸಿಗೆಯಲ್ಲಿ ಮಲಗಿದರೆ, ಊಟಕ್ಕೆ ಕೂತರೆ, ಎಲ್ಲೋ ಹಿಂದೆ ಒಂದು ಸಾಲು ಓಡುತ್ತಲೇ ಇರುತ್ತದೆ. ಹೇಳಿದರೆ ಪರೀಕ್ಷೆ ಮಾಡಿಸುತ್ತಾರೆ, ಪರೀಕ್ಷೆ ಮಾಡಿಸಿದರೆ ಸಾಲಿನಿಂದ ತೆಗೆಯುತ್ತಾರೆ, ಸಾಲಿನಿಂದ ತೆಗೆದರೆ ಸಂಬಳ ಕಡಿಮೆಯಿರುವ, ರಟ್ಟಿನ ಡಬ್ಬ ಮಡಚುವ ಕಡೆಗೆ ಹಾಕುತ್ತಾರೆ. ಉದ್ದಣ್ಣನನ್ನು ಹಾಕಿದ್ದು ಅಲ್ಲಿಗೇ.

ಎರಡನೆಯ ಬೈಕು ನೋಡಲು ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಗೆ ಇಳಿಯಬೇಕಾಯಿತು. ಮಾರುವವನು ಯಾವುದೋ ಕಂಪನಿಯ ಲೆಕ್ಕಿಗ, ಭಾನುವಾರದ ನಿದ್ದೆ ಕೆಟ್ಟವನ ಮುಖ. ಚಕ್ರ ಒಂದು ಕಡೆ ನೋಡುತ್ತಿದ್ದರೆ ಹ್ಯಾಂಡಲ್ ಇನ್ನೊಂದು ಕಡೆ ನೋಡುತ್ತಿತ್ತು. ಮಗಳು ಅದನ್ನು ತೋರಿಸಿದಾಗ ಲೆಕ್ಕಿಗ ಬೇಸರವಿಲ್ಲದೆ, "ನೇರವಾಗೇ ಹೋಗತ್ತೆ. ಹ್ಯಾಂಡಲ್ ಮಾತ್ರ ಸ್ವಲ್ಪ ಪಕ್ಕಕ್ಕೆ ಹಿಡ್ಕೊಂಡಿರ್ಬೇಕು" ಅಂದ. ಮಗಳು ನಗು ತಡೆಯಲಾರದೆ ಕಂಬದ ಆಚೆ ಹೋದಳು. ಅವನಿಗೆ ನಗು ಬರಲಿಲ್ಲ. ನೆಲಮಾಳಿಗೆಯಲ್ಲಿ ಮಾತುಗಳೆಲ್ಲ ಗೋಡೆಗೆ ತಾಗಿ, ಒಡೆದು, ಅವನ ಹತ್ತಿರ ಬರುವಷ್ಟರಲ್ಲಿ ಬರೀ ಸದ್ದಾಗಿದ್ದವು. ಲೆಕ್ಕಿಗನ ತುಟಿ ಅಲುಗುವುದನ್ನೇ ನೋಡುತ್ತಿದ್ದಾಗ ಅದು ಫ್ಯಾಕ್ಟರಿಯ ಸೂಪರ್‌ವೈಸರನ ತುಟಿಯಾಯಿತು. ಎಂಟು ತಿಂಗಳ ಹಿಂದಿನ ಆ ಕೋಣೆ, ಮೇಜಿನ ಮೇಲೆ ಗಾಜಿನ ಹಾಳೆ, ಅದರ ಕೆಳಗೆ ಯಾರದೋ ಮಕ್ಕಳ ಫೋಟೋ. "ನೀನು ಸ್ವಿಚ್ಚಿನ ಹತ್ರ ಇದ್ದೆ. ಬಾಟ್ಲಿ ಸಿಕ್ಕಾಕ್ಕೊಂಡಿತ್ತು. ಕೈ ಹಾಕೋ ಮೊದ್ಲು 'ಕೈ ಹಾಕ್ತಿದೀನಿ' ಅಂತ ಕೂಗ್ಬೇಕು, ಅದು ನಿಯಮ. ಕೂಗಿದ್ರೆ ಸಾಲು ನಿಲ್ಲಿಸೋನು ನೀನು. ಉದ್ದಣ್ಣ ಕೂಗಿದ್ನಾ?"

ಕೇಳಿಸಲಿಲ್ಲ ಸಾರ್, ಅಂದಿದ್ದರೆ ಸಾಕಿತ್ತು. ಅದು ನಿಜ. ಆದರೆ ಕೇಳಿಸಲಿಲ್ಲ ಎಂದರೆ ಯಾಕೆ ಕೇಳಿಸಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅವನ ಬಾಯಿಂದ ಬಂದದ್ದು, "ಇಲ್ಲ ಸಾರ್. ಕೂಗಲಿಲ್ಲ." ಎರಡು ಮಾತಿನ ನಡುವೆ ಇರುವ ಅಂತರ ಕೂದಲೆಳೆಯ ಬಿರುಕಿನಷ್ಟು, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದ್ದು. ಯಾರೂ ಹಿಡಿಯಲಿಲ್ಲ. ಉದ್ದಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಅವನನ್ನೂ ಅದೇ ಕುರ್ಚಿಯಲ್ಲಿ ಕೂರಿಸಿ ಕೇಳಿದರು. ಕೂಗಿದೆ ಅಂತಲೇ ನೆನಪು ಸಾರ್, ಅಂದನಂತೆ. ಸ್ವಿಚ್ಚಿನ ಹತ್ತಿರ ಇದ್ದವನು ಕೂಗಲಿಲ್ಲ ಅಂತ ಹೇಳಿದ್ದಾನೆ ಎಂದಾಗ, ಹಾಗಾದ್ರೆ ಕೂಗ್ಲಿಲ್ವೇನೋ, ಅಂದನಂತೆ. ತನ್ನ ನೆನಪಿಗಿಂತ ಇವನ ಮಾತೇ ಹೆಚ್ಚು ಎನ್ನುವ ಹಾಗೆ. ತಪ್ಪು ನನ್ನದೇ ಎಂದು ಬರೆದ ಹಾಳೆಗೆ ಬ್ಯಾಂಡೇಜು ಸುತ್ತಿದ ಕೈಯಲ್ಲೇ ಸಹಿ ಹಾಕಿದ. ಆಮೇಲೆ ಒಂದು ದಿನ, ಕೂಡುರಸ್ತೆಯಿಂದ ನಡೆದು ಬರುವಾಗ, ಉದ್ದಣ್ಣ ರಸ್ತೆ ದಾಟಲು ಅವನ ಎಡಕ್ಕೆ ಬಂದಿದ್ದ ಎರಡೇ ನಿಮಿಷದಲ್ಲಿ ಹೇಳಿದ ಮಾತು ಪೂರ್ತಿ ಕೇಳಿಸಿಬಿಟ್ಟಿತ್ತು: "ಒಂದೊಂದು ಸಲ ಅನ್ಸತ್ತೆ ಕಣಯ್ಯ, ನಾನು ಮನಸ್ಸಲ್ಲೇ ಕೂಗಿದ್ನೇನೋ. ವಯಸ್ಸಾಯ್ತು ನೋಡು. ಮನಸ್ಸಲ್ಲಿ ಅಂದದ್ದು, ಬಾಯಲ್ಲಿ ಅಂದದ್ದು ಬೇರೆ ಬೇರೆ ಗೊತ್ತಾಗಲ್ಲ." ಹೂಂ, ಅಂದಿದ್ದ ಅವನು.

ಬೈಕು ನೋಡುತ್ತಿದ್ದೇನೆ ಎಂದಾಗ ಉದ್ದಣ್ಣ ಹಿಗ್ಗಿಹೋಗಿದ್ದ. "ತಗೋ ತಗೋ. ಆದ್ರೆ ನನ್ನ ಮರೀಬೇಡ. ಹಿಂದೆ ಕೂತ್ಕೊಂಡು ಗಾಳಿ ತಗೋತಾ ಬರ್ತೀನಿ." ಅಂದಿನಿಂದ ಅವನು ನೋಡುತ್ತಿದ್ದದ್ದು ಬೈಕುಗಳನ್ನಲ್ಲ, ಹಿಂದಿನ ಸೀಟುಗಳನ್ನು.

ಮೂರನೆಯದು ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿತ್ತು. ಸಂದಿಯ ಕೊನೆಯ ಮನೆ, ಮುಂದೆ ನಾಲ್ಕು ಹೆಜ್ಜೆಯಷ್ಟು ಅಂಗಳ, ಅದರಲ್ಲಿ ಹಳೆಯ ಹೊದಿಕೆ ಹೊದ್ದುಕೊಂಡು ಗಾಡಿ. ಮೇಷ್ಟ್ರು ಹೊದಿಕೆಯನ್ನು ಮಡಿಕೆ ಮಡಿಕೆಯಾಗಿ ತೆಗೆದು ಕಿಟಕಿಯ ಮೇಲಿಟ್ಟರು. ಹನ್ನೊಂದು ವರ್ಷದ ಗಾಡಿ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಹೊಳಪು ಇರಲಿಲ್ಲ, ಆದರೆ ಎಲ್ಲವೂ ತನ್ನ ತನ್ನ ಜಾಗದಲ್ಲಿತ್ತು. ಸವೆದ ಕಡೆ ಸವೆದೇ ಇತ್ತು, ಯಾವುದಕ್ಕೂ ಬಣ್ಣ ಬಳಿದಿರಲಿಲ್ಲ. ಸೀಟು ಉದ್ದಕ್ಕೆ, ಮಟ್ಟಸವಾಗಿ, ಬೆಂಚಿನ ಹಾಗೆ; ಹಿಂದೆ ಹಿಡಿದುಕೊಳ್ಳಲು ದಪ್ಪನೆಯ ಕಂಬಿ. ಎಂಥ ಮುದುಕನೂ ಆರಾಮವಾಗಿ ಕೂರಬಹುದು. ಅವನು ಕಣ್ಣನ್ನು ಸೀಟಿನಿಂದ ಬೇರೆ ಕಡೆ ತಿರುಗಿಸಿದ.

"ನಂಗೆ ಇದನ್ನ ಮಾರೋ ಆಸೆ ಇಲ್ಲ" ಅಂದರು ಮೇಷ್ಟ್ರು. "ಕೈ ನಡುಗತ್ತೆ, ನೋಡಿ." ಬಲಗೈಯನ್ನು ಗಾಳಿಯಲ್ಲಿ ಚಾಚಿ ತೋರಿಸಿದರು. ಅದು ತನ್ನಷ್ಟಕ್ಕೆ ತಾನು ನಡುಗುತ್ತಿತ್ತು. ಅದನ್ನು ಅವರು ಅಡಗಿಸಲಿಲ್ಲ. ತರಗತಿಯಲ್ಲಿ ಹಣ್ಣನ್ನೋ ಹೂಜಿಯನ್ನೋ ಮೇಜಿನ ಮೇಲಿಟ್ಟು ಮಕ್ಕಳಿಗೆ ನೋಡಲು ಬಿಡುವ ಹಾಗೆ ಸ್ವಲ್ಪ ಹೊತ್ತು ಹಾಗೇ ಇಟ್ಟರು. "ಮುಂದಿನ ಬ್ರೇಕು ಈ ಕೈಲಿ. ಹೋದ ತಿಂಗಳು ಒಂದು ಹೆಣ್ಣುಮಗಳಿಗೆ ತಾಗಿಸೋದ್ರಲ್ಲಿದ್ದೆ. ಅವತ್ತೇ ಬೀಗ ಹಾಕ್ದೆ."

ಇಷ್ಟು ಸುಲಭವೇ ಅದು, ಅನ್ನಿಸಿತು ಅವನಿಗೆ. ಗುರುತಿಲ್ಲದವರ ಮುಂದೆ ಅಂಗಳದಲ್ಲಿ ನಿಂತು, ನೋಡಿ, ಇದು ಕೆಟ್ಟುಹೋಗಿದೆ, ಎಂದು ಚಾಚುವುದು. ಅಸೂಯೆಯೋ ಸಿಟ್ಟೋ ತಿಳಿಯದ ಒಂದು ಭಾವ ಬಂತು. ಈ ಮನುಷ್ಯನಿಗೆ ಪಿಂಚಣಿ ಬರುತ್ತದೆ, ಅದಕ್ಕೇ, ಎಂದುಕೊಂಡ. ಚೀಟಿಯನ್ನು ಜೇಬಿನಿಂದ ತೆಗೆದು ಓದುವವನಂತೆ ಮಾಡಿದ. ಫಿಟ್ಟರು ಬರೆದದ್ದೆಲ್ಲ ಒಂದೇ ಥರ: ಎಂಜಿನ್ ಸದ್ದು ಕೇಳಿ. ಗೇರ್ ಹಾಕುವಾಗ ಸದ್ದು ಕೇಳಿ. ಚೈನ್ ಸದ್ದು ಕೇಳಿ. ಹಿಂದಿನ ಎರಡು ಕಡೆ, "ಸದ್ದು ನಾನು ನೋಡ್ಕೋತೀನಿ, ನೀನು ಕೂತು ನೋಡು" ಎಂದು ಮಗಳೇ ಮುಂದೆ ಬಿದ್ದಿದ್ದಳು. ಇಲ್ಲಿ ಅವಳು ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ಮೇಷ್ಟ್ರು ಕೀಲಿ ತಿರುಗಿಸಿದರು. ತಣ್ಣಗಿನ ಎಂಜಿನ್ನು ಎರಡನೆಯ ಒದೆತಕ್ಕೆ ಎದ್ದಿತು. ಮೇಷ್ಟ್ರು ಒಮ್ಮೆ ಜೋರಾಗಿ ಏರಿಸಿ ಇಳಿಸಿದರು. ಹೊಗೆ ಇಲ್ಲ. ಏನೋ ಹೇಳಿ ಎಂಜಿನ್ನಿನ ಕಡೆ ಬೆರಳು ತೋರಿಸಿದರು. ಕೇಳಿ ನೋಡಿ, ಎಂದಿರಬೇಕು.

ಅವನು ಬಗ್ಗಿದ. ಬಗ್ಗಿ, ಇಂಥ ಕೆಲಸ ಗೊತ್ತಿದ್ದವರು ಮಾಡುವ ಹಾಗೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಮುಚ್ಚಿದ. ಸದ್ದು ಇತ್ತು. ಒಂದೇ ಸಮನೆ, ಎಲ್ಲೂ ತಡೆಯದೆ, ಎಲ್ಲೂ ಎಡವದೆ ಓಡುವ ಸದ್ದು. ಮೊದಲ ಸಲ ಆ ದಿನ ಅವನಿಗೆ ಸಮಾಧಾನವಾಯಿತು. ತನಗೂ ಕೇಳುತ್ತಿದೆ, ಚೆನ್ನಾಗಿಯೇ ಕೇಳುತ್ತಿದೆ, ಇಷ್ಟು ದಿನ ಸುಮ್ಮನೆ ಹೆದರಿದೆ. ಪರೀಕ್ಷೆ ಮಾಡಿಸಿದ್ದರೂ ಪಾಸಾಗುತ್ತಿದ್ದೆನೇನೋ. ಅವತ್ತೂ ಹಾಗಾದರೆ ಕೇಳಿಸಬೇಕಿತ್ತು, ಕೇಳಿಸಲಿಲ್ಲ ಎಂದರೆ ಉದ್ದಣ್ಣ ಕೂಗಲೇ ಇಲ್ಲ; ನಾನು ಹೇಳಿದ್ದು ನಿಜವೇ. ಈ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅವನು ಕಣ್ಣು ತೆರೆಯಲಿಲ್ಲ. ಹಾಗೇ ಬಗ್ಗಿಕೊಂಡು, ತಲೆದೂಗುತ್ತ, ಗಟ್ಟಿಯಾಗಿ ಹೇಳಿದ:

"ಸದ್ದು ಬಹಳ ನಯವಾಗಿದೆ ಮೇಷ್ಟ್ರೇ. ಒಂದೇ ಸಮ ಇದೆ. ಒಂಚೂರೂ ಕಟಕಟ ಇಲ್ಲ."

ಕಣ್ಣು ತೆರೆದ. ಮೇಷ್ಟ್ರು ಎದುರಿಗೆ ನಿಂತಿದ್ದರು. ಕೀಲಿ ಅವರ ಕೈಯಲ್ಲಿತ್ತು. ನಡುಗುವ ಬೆರಳುಗಳ ನಡುವೆ ಕೀಲಿಗೊಂಚಲು ಅಲುಗುತ್ತಿತ್ತು, ಸದ್ದಿಲ್ಲದೆ. ಮಗಳು ಎದ್ದು ನಿಂತು ಅವನ ಎಡಕ್ಕೆ ಬಂದಳು.

"ಅಪ್ಪ" ಅಂದಳು ಮೆಲ್ಲಗೆ. "ಗಾಡಿ ಆಫ್ ಆಗಿದೆ. ಆಗಲೇ ಆಫ್ ಮಾಡಿದ್ರು."

ಸದ್ದು ಇನ್ನೂ ಓಡುತ್ತಲೇ ಇತ್ತು. ನಿಮಿಷಕ್ಕೆ ನೂರಾರು ಬಾಟಲಿ, ಭುಜಕ್ಕೆ ಭುಜ. ಬೆನ್ನು ನೆಟ್ಟಗೆ ಮಾಡಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಮೇಷ್ಟ್ರು, "ಕಾಗದಪತ್ರ ತರ್ತೀನಿ, ಎಲ್ಲಿಟ್ಟಿದೀನೋ ಹುಡುಕ್ಬೇಕು" ಎಂದು, ಕಾಗದಪತ್ರದ ಚೀಲ ಕಿಟಕಿಯ ಮೇಲೇ ಕಣ್ಣಿಗೆ ಕಾಣುವ ಹಾಗೆ ಇದ್ದರೂ, ಒಳಗೆ ಹೋಗಿ ಬಾಗಿಲು ಅರ್ಧ ಮುಂದಕ್ಕೆಳೆದುಕೊಂಡರು. ಆ ಮರ್ಯಾದೆಯೇ ಅವನನ್ನು ಹೆಚ್ಚು ಚುಚ್ಚಿತು. ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು.

ಅಂಗಳದ ಕಟ್ಟೆಯ ಮೇಲೆ ಕೂತ. ಮಗಳು ಪಕ್ಕದಲ್ಲಿ ಕೂತಳು. ಎಡಕ್ಕೆ.

"ನಿಂಗೆ ಯಾವಾಗಿಂದ ಗೊತ್ತು?" ಎಂದ.

"ಕಾಲೇಜಿಗೆ ಹೋಗ್ತಿದ್ದಾಗಿಂದ."

"ಅಮ್ಮಂಗೆ?"

"ಅಮ್ಮನೇ ನಂಗೆ ಹೇಳಿದ್ದು. ಅಪ್ಪನ ಎಡಗಡೆ ಕೂತ್ಕೋ, ಬಲಗಡೆಯಿಂದ ಮಾತಾಡಿದ್ರೆ ಸುಮ್ನೆ ಹೂಂ ಅಂತಾರೆ, ಪಾಪ, ಅಂತ."

ಪಾಪ ಎಂಬ ಮಾತು ಎಡಗಿವಿಗೆ ನೇರ ಬಂದು ಬಿತ್ತು. ಅವನ ಕಣ್ಣ ಮುಂದೆ ಮನೆಯ ಸಾಮಾನುಗಳು ಒಂದೊಂದಾಗಿ ಜರುಗತೊಡಗಿದವು. ಊಟದ ಮೇಜನ್ನು ಗೋಡೆಗೆ ಸರಿಸಿ ಅವನ ಬಲಗಡೆ ಯಾರೂ ಕೂರದ ಹಾಗೆ ಮಾಡಿದ್ದು. ಒಳಗೆ ಧೂಳು ಬರತ್ತೆ ಎಂದು ಹೆಂಡತಿ ಮಂಚದ ದಿಕ್ಕು ಬದಲಿಸಿದ್ದು. ಪೇಟೆಗೆ ಹೋದಾಗ ಅವಳು ಪ್ರತಿ ತಿರುವಿನಲ್ಲೂ ಹಿಂದಿನಿಂದ ಸುತ್ತಿ ಈ ಕಡೆಗೇ ಬರುವುದು, ಇದೇನು ಇವಳು ಕೋಳಿಯ ಹಾಗೆ ಸುತ್ತುತ್ತಾಳೆ ಎಂದು ಅವನು ರೇಗಿದ್ದು. ರೇಗಿದಾಗ ಅವಳು, "ಸುಮ್ನೆ ಬನ್ರೀ" ಅಂದಿದ್ದಳು ಅಷ್ಟೆ. ಐದು ವರ್ಷ ತಾನೊಬ್ಬನೇ ಹೊತ್ತುಕೊಂಡಿದ್ದೇನೆ ಎಂದುಕೊಂಡ ಮೂಟೆಯನ್ನು ಅವರಿಬ್ಬರೂ ಹಿಂದಿನಿಂದ ಕೈಕೊಟ್ಟು ಎತ್ತಿಕೊಂಡೇ ಬಂದಿದ್ದರು. ಅವರಿಗೂ ದಣಿವಾಗಿರಬೇಕು.

"ಯಾಕೆ ಹೇಳ್ಲಿಲ್ಲ ನಂಗೆ?"

"ನೀನು ಹೇಳ್ಲಿಲ್ವಲ್ಲಪ್ಪ."

ಮಗಳು ಕಾಲ್ಬೆರಳಿಂದ ನೆಲದ ಮೇಲೆ ಏನೋ ಗೀಚುತ್ತಿದ್ದಳು. "ಬೈಕ್ ತಗೋಬೇಡ ಅನ್ನಲ್ಲ ನಾನು. ಕಿವಿ ಕೇಳದೋರೂ ಓಡಿಸ್ತಾರೆ, ಕನ್ನಡಿ ನೋಡ್ಕೊಂಡು ಓಡಿಸ್ತಾರೆ. ಮೊದ್ಲು ಒಂದ್ಸಲ ಡಾಕ್ಟರಿಗೆ ತೋರ್ಸು. ಅಲ್ಲೀವರೆಗೆ ನಾನೇ ಬಿಟ್ಟು ಬರ್ತೀನಿ, ನಂದು ಒಂಬತ್ತಕ್ಕೆ ಕೆಲಸ. ಅದಕ್ಕೇ ಇವತ್ತು ಜೊತೆಗೆ ಬಂದಿದ್ದು ಅಂದ್ಕೋ." ಗೀಚಿದ್ದನ್ನು ಕಾಲಿಂದ ಅಳಿಸಿ, "ಫ್ಯಾಕ್ಟರಿಲಿ ಗೊತ್ತಾದ್ರೆ ಗೊತ್ತಾಗ್ಲಿ ಬಿಡು. ಡಬ್ಬ ಮಡಚೋದೂ ಕೆಲಸಾನೇ ತಾನೇ?" ಅಂದಳು.

ಅವಳಿಗೆ ಅರ್ಧ ಮಾತ್ರ ಗೊತ್ತಿತ್ತು. ಇನ್ನರ್ಧ ಗೊತ್ತಾದರೆ ಈ ಹುಡುಗಿ ತನ್ನ ಯಾವ ಕಡೆ ಕೂರುತ್ತಾಳೋ.

ಮೇಷ್ಟ್ರು ಹೊರಗೆ ಬಂದಾಗ ಕೈಯಲ್ಲಿ ಮೂರು ಲೋಟ ನೀರಿನ ತಟ್ಟೆಯಿತ್ತು, ಅರ್ಧ ನೀರು ತಟ್ಟೆಯಲ್ಲಿತ್ತು. ಅವರು ಅವನ ಮುಖದ ಎದುರಿಗೇ ಬಂದು ನಿಂತು, ಒಂದೊಂದು ಮಾತನ್ನೂ ಬಿಡಿಸಿ, ಆದರೆ ಕೂಗದೆ, ಕೇಳಿದರು: "ಓಡಿಸೋದು ಯಾರು?"

"ಸದ್ಯಕ್ಕೆ ನಾನು" ಅಂದಳು ಮಗಳು.

"ಹಾಗಾದ್ರೆ ಕೊಡ್ತೀನಿ." ಮತ್ತೆ ಅವನ ಕಡೆ ತಿರುಗಿ, "ನೀವು ಓಡಿಸೋ ಕಾಲಕ್ಕೆ, ತೊಡೇನ ಟ್ಯಾಂಕಿಗೆ ಒತ್ತಿ ಹಿಡ್ಕೊಳ್ಳಿ. ಗೇರ್ ಯಾವಾಗ ಬದಲಾಯಿಸ್ಬೇಕು ಅಂತ ಅಲ್ಲೇ ಗೊತ್ತಾಗತ್ತೆ. ನಾನೂ ಸದ್ದು ಕೇಳಿ ಓಡಿಸಿದೋನಲ್ಲ" ಅಂದರು. ಮಗಳು ಸಂದಿಯ ತುದಿಯವರೆಗೆ ಎರಡು ಸಲ ಓಡಿಸಿ ನೋಡಿ ಬಂದಳು, ಬ್ರೇಕು ಹಿಡಿದು ಬಿಟ್ಟು ನೋಡಿದಳು, ಮುಂದಿನ ಚಕ್ರವನ್ನು ಗೋಡೆಗೆ ಒತ್ತಿ ನೋಡಿದಳು. ಹಿಂದಿನ ಟೈರು ಇನ್ನಾರು ತಿಂಗಳಲ್ಲಿ ಹಾಕಿಸಬೇಕು, ಬೇರೇನೂ ಇಲ್ಲ ಎಂದಳು. ಮಾತು ಮುಗಿಯಿತು. ಸಹಿ ಹಾಕುವಾಗ ಮೇಷ್ಟ್ರು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡರು. ಆದರೂ ಅವರ ಹೆಸರು ಕಾಗದದ ಮೇಲೆ ಅಲೆಅಲೆಯಾಗಿಯೇ ಬಂತು.

ಅವನು ಹಿಂದಿನ ಸೀಟಿನಲ್ಲಿ ಕೂತ. ಮಗಳ ಹಿಂದೆ ಹೀಗೆ ಕೂತದ್ದು ಇದೇ ಮೊದಲು. ಸೀಟು ಆರಾಮವಾಗಿತ್ತು; ಅಷ್ಟು ಆರಾಮವಾಗಿರಬಾರದಿತ್ತು. ಕಂಬಿಯನ್ನು ಹಿಡಿದ ಕೈಗೆ ಎಂಜಿನ್ನಿನ ನಡುಕ ಹತ್ತಿ ಬರುತ್ತಿತ್ತು. ಇದು ನಿಜವಾದದ್ದು, ತಲೆಯೊಳಗಿನದ್ದಲ್ಲ. ಬೀದಿಗಳು ಹಿಂದಕ್ಕೆ ಹೋದವು. ಮುಚ್ಚಿದ ಅಂಗಡಿಗಳ ಕದ, ಬಾಲ್ಕನಿಗಳಲ್ಲಿ ಒಣಗುವ ಬಟ್ಟೆ, ಕುರ್ಚಿ ಹೊರಗೆ ಹಾಕಿಕೊಂಡು ಕೂತ ಮುದುಕರು. ಇಲ್ಲಿ, ಈ ಜಾಗದಲ್ಲಿ, ಗಾಡಿ ತನ್ನ ಕೈಗೆ ಬಂದ ದಿನದಿಂದ ಉದ್ದಣ್ಣ ಕೂರುತ್ತಾನೆ. ಇವನ ಬೆನ್ನ ಹಿಂದೆ ಕೂತು ಗಾಳಿ ತಗೋತಾ ಮಾತಾಡುತ್ತಾನೆ, ಇವನು ಹೂಂ ಅನ್ನುತ್ತಾನೆ, ನಿವೃತ್ತಿಯವರೆಗೆ. ಡಾಕ್ಟರ ಕಾಗದ ಹೇಗಾದರೂ ಒಂದು ದಿನ ಫ್ಯಾಕ್ಟರಿ ತಲುಪುತ್ತದೆ. ಸೂಪರ್‌ವೈಸರು ಅದನ್ನೂ ಉದ್ದಣ್ಣ ಸಹಿ ಹಾಕಿದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು, ನೋಡದೆಯೂ ಇರಬಹುದು, ಯಾರಿಗೆ ಪುರಸೊತ್ತಿದೆ. ನೋಡುವುದಿಲ್ಲ ಎಂಬುದೇ ಹೆಚ್ಚು ನಿಜ. ಆಗ ಉದ್ದಣ್ಣ, ಅಯ್ಯೋ ಪಾಪ, ನಿಂಗೂ ಕಿವಿ ಹೋಯ್ತಾ, ಎಂದು ಮಡಚದ ಬೆರಳಿನ ಕೈಯನ್ನು ಇವನ ಹೆಗಲ ಮೇಲಿಡುತ್ತಾನೆ. ಅದನ್ನು ನೆನೆದು ಅವನು ಹೆಗಲನ್ನು ಒಳಕ್ಕೆಳೆದುಕೊಂಡ. ಎಷ್ಟು ದಣಿದಿದ್ದೇನೆ ಎಂದು ಅವನಿಗೆ ತಿಳಿದದ್ದು ಆಗ. ಇದು ಮೊಣಕಾಲಿನ ದಣಿವಾಗಿರಲಿಲ್ಲ. ಎಂಟು ತಿಂಗಳು ಒಂದೇ ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದವನ ದಣಿವು.

ಮುಂದೆ ಕೂತ ಮಗಳು ಏನೋ ಕೇಳಿದಳು. ಗಾಳಿಯಲ್ಲಿ ಅದು ಹಾರಿಹೋಯಿತು. ಹೂಂ, ಅಂದ. ಅವಳು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು, ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಪೂರ್ತಿ ಹಿಂದಕ್ಕೆ ತಿರುಗಿ, ಮುಖ ತೋರಿಸಿ ಮತ್ತೆ ಕೇಳಿದಳು: "ಪೆಟ್ರೋಲ್ ಹಾಕ್ಸೋಣ್ವಾ, ನಾಳೆ ಹಾಕ್ಸೋಣ್ವಾ ಅಂದೆ."

"ಮುಂದಿನ ನೀರಿನ ಟ್ಯಾಂಕಿನ ಹತ್ರ ಒಳಗೆ ತಿರುಗ್ಸು" ಅಂದ ಅವನು. "ಉದ್ದಣ್ಣನ ಮನೆ ಅಲ್ಲೇ."

"ಈಗ್ಲೇ? ಅಮ್ಮ ಕಾಯ್ತಿರ್ತಾಳೆ."

"ಈಗ್ಲೇ. ಆಮೇಲೆ ನಂಗೆ ಆಗಲ್ಲ."

ಮಗಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ಇನ್ನೇನೂ ಕೇಳದೆ ಗಾಡಿ ಮುಂದಕ್ಕೆ ಬಿಟ್ಟಳು.

ಉದ್ದಣ್ಣ ಮನೆಯ ಮುಂದೆ ನಲ್ಲಿಯ ಹತ್ತಿರ ಬಗ್ಗಿ ಬಕೀಟು ತೊಳೆಯುತ್ತಿದ್ದ. ಬೈಕು ನಿಂತದ್ದು ನೋಡಿ ಬಕೀಟನ್ನು ಅಲ್ಲೇ ಬಿಟ್ಟು, ಒದ್ದೆ ಕೈಯನ್ನು ಅಂಗಿಗೆ ಒರೆಸುತ್ತ ಬಂದ. ಅವನ ಎತ್ತರಕ್ಕೆ ಗೇಟು ಸೊಂಟದವರೆಗೂ ಬರುತ್ತಿರಲಿಲ್ಲ. "ತಗೊಂಡೇಬಿಟ್ಯಾ! ಲೇ, ಏನ್ ಗಾಡಿ ಕಣಯ್ಯ!" ಎಂದದ್ದು ಮುಖದಿಂದಲೇ ತಿಳಿಯಿತು. ಅವನು ಇಳಿದು ನಿಂತಾಗ ಉದ್ದಣ್ಣ ಗಾಡಿಯನ್ನು ಬಳಸಿ, ಸೀಟನ್ನು ಸವರಿ, ಕಂಬಿಯನ್ನು ಅಲ್ಲಾಡಿಸಿ ನೋಡಿ, ಅಭ್ಯಾಸದಂತೆ ಅವನ ಬಲಕ್ಕೆ ಬಂದು ನಿಂತು ಮಾತಾಡತೊಡಗಿದ. ತುಟಿ ಅಲುಗುತ್ತಿತ್ತು. ಮಡಚದ ಎರಡು ಬೆರಳು ಸೀಟಿನ ಕಡೆ ನೆಟ್ಟಗೆ ಚಾಚಿದ್ದವು.

"ಉದ್ದಣ್ಣ, ಈ ಕಡೆ ಬಾ" ಅಂದ ಅವನು. "ಆ ಕಿವಿ ಕೇಳಲ್ಲ."

ಉದ್ದಣ್ಣ ನಗುತ್ತಲೇ ಎದುರಿನಿಂದ ಈ ಕಡೆಗೆ ಹೊರಟವನು ಅವನ ಮುಖದ ನೇರಕ್ಕೆ ಬಂದಾಗ ನಿಂತುಬಿಟ್ಟ. ನಗು ಇನ್ನೂ ಮುಖದ ಮೇಲೇ ಇತ್ತು, ತೆಗೆಯಲು ಮರೆತ ಹಾಗೆ. "ಯಾವಾಗಿಂದ?" ಎಂದ.

"ಐದು ವರ್ಷ."

ನಲ್ಲಿಯಿಂದ ನೀರು ಬಕೀಟಿಗೆ ಬೀಳುತ್ತಿತ್ತು, ತುಂಬಿ ಹೊರಗೆ ಹರಿಯುತ್ತಿತ್ತು.

"ನೀನು ಕೂಗಿರ್ತೀಯ" ಅಂದ ಅವನು. "ನಂಗೆ ಕೇಳಿಸ್ಲಿಲ್ಲ. ಕೇಳಿಸ್ಲಿಲ್ಲ ಅಂತ ಹೇಳ್ಬೇಕಿತ್ತು, ಕೂಗ್ಲಿಲ್ಲ ಅಂತ ಹೇಳ್ದೆ. ಹೆದರ್ಕೊಂಡು ಹೇಳ್ದೆ."

ಬೈಕಿನ ಮೇಲೆ ಕೂತಿದ್ದ ಮಗಳು ಹೆಲ್ಮೆಟ್ಟನ್ನು ನಿಧಾನಕ್ಕೆ ತೆಗೆದಳು. ಅವನು ಆ ಕಡೆ ನೋಡಲಿಲ್ಲ. ಉದ್ದಣ್ಣ ಹೊಡೆಯುತ್ತಾನೆ ಎಂದುಕೊಂಡಿದ್ದ, ಹೊಡೆಯಲಿ ಎಂದೂ ಅಂದುಕೊಂಡಿದ್ದ. ಉದ್ದಣ್ಣ ಬಲಗೈಯನ್ನು ಮೇಲೆತ್ತಿ, ಅದು ಬೇರೆ ಯಾರದೋ ಎಂಬ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಮನೆಯ ಕಡೆ ತಿರುಗಿ, "ಏಯ್, ಬಾ ಇಲ್ಲಿ" ಎಂದು ಹೆಂಡತಿಯನ್ನು ಕರೆದ. ಅವಳು ಬಾಗಿಲಿಗೆ ಬಂದಾಗ ಆ ಕೈಯನ್ನು ಅವಳತ್ತ ಚಾಚಿದ. "ನಾನು ಕೂಗಿದ್ನಂತೆ ಕಣೇ. ಕೂಗಿದ್ನಂತೆ. ನಂಗೇನೂ ಮರೆವು ಬಂದಿಲ್ಲ" ಅಂದ. ಅಂದು, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಇಷ್ಟು ಉದ್ದದ ಮನುಷ್ಯ ಅಷ್ಟು ಸಣ್ಣದಾಗಿ ಮಡಚಿಕೊಂಡು ಕೂರಬಹು­ದೆಂದು ಇಪ್ಪತ್ತು ವರ್ಷದಲ್ಲಿ ಅವನು ಕಂಡಿರಲಿಲ್ಲ.

ಹೆಂಡತಿಯ ಮುಖದಲ್ಲಿ ಖುಷಿ ಇರಲಿಲ್ಲ. ಅವಳು ಗಂಡನನ್ನು ನೋಡಿದಳು, ಅವನನ್ನು ನೋಡಿದಳು, ಬೈಕನ್ನು ನೋಡಿದಳು. ಹೋಗಿ ನಲ್ಲಿ ನಿಲ್ಲಿಸಿದಳು. ವಾಪಸು ಬಂದು ಅವನ ಎದುರಿಗೆ, ಒಂದು ಹೆಜ್ಜೆ ದೂರದಲ್ಲಿ ನಿಂತು ಕೇಳಿದಳು. ಅವಳ ಒಂದೊಂದು ಮಾತೂ ಅವನಿಗೆ ಕೇಳಿಸಿತು.

"ಇಲ್ಲಿ ಹೇಳಿದ್ರಿ, ಆಯ್ತು. ನಾಳೆ ಅಲ್ಲೂ ಹೇಳ್ತೀರಾ?"

"ಹೇಳ್ತೀನಿ" ಅಂದ ಅವನು.

ತನ್ನ ಲೆಕ್ಕದಲ್ಲಿ ಅವನು ಮೆಲ್ಲಗೆ, ಅವಳಿಗಷ್ಟೇ ಕೇಳುವ ಹಾಗೆ ಹೇಳಿದ್ದ. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಕೈ ನಿಲ್ಲಿಸಿ ತಿರುಗಿ ನೋಡಿದಾಗಲೇ, ಬೀದಿಗೆಲ್ಲ ಕೇಳುವ ಹಾಗೆ ತಾನು ಕೂಗಿದ್ದೇನೆಂದು ಅವನಿಗೆ ತಿಳಿದದ್ದು.